ಚೀಯೋನಿನ ಗೀತೆ, ಹಾಸನ ಸೀಮೆಯ ಪದ

137ನೆಯ ಕೀರ್ತನೆಯನ್ನು ನಾವು ಸಾಮಾನ್ಯವಾಗಿ ಸೆರೆಯವರ ದುಃಖಗೀತೆಯೆಂದು ಓದುತ್ತೇವೆ. ಸಂಗೀತದ ಚರಿತ್ರೆಗೆ ಸಂಬಂಧಿಸಿದ ಒಂದು ಸಂಗತಿಯೂ ಅದರಲ್ಲಿದೆ. ಸೆರೆಹಿಡಿದವರು ಚೀಯೋನಿನ ಗೀತೆಯನ್ನು ಕೇಳಬಯಸಿದರು. ತಮ್ಮ ಜನರದಲ್ಲದ ಹಾಡು ಅವರಿಗೆ ಪ್ರಿಯವಾಗಿತ್ತು; ಹಾಡಬೇಕಾದವರ ಸ್ಥಿತಿ ಮಾತ್ರ ಅವರ ಗಮನಕ್ಕೆ ಬರಲಿಲ್ಲ. ಒಂದು ಜನಾಂಗದ ಹಾಡು ಅನ್ಯರ ಹೃದಯವನ್ನು ಮುಟ್ಟಿದರೆ ನಾವು ಸಂತೋಷಪಡುತ್ತೇವೆ. ಆದರೆ ಹಾಡನ್ನು ಮೆಚ್ಚುವುದು ಬೇರೆ, ಹಾಡುವವರಿಗೆ ಕಿವಿಗೊಡುವುದು ಬೇರೆ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಸನ ಸೀಮೆಯ ಹಳ್ಳಿಯ ಪದಗಳ ಚರಿತ್ರೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲೂಕುಗಳು ರಾಗಿ ಉಣ್ಣುವ ಸೀಮೆ. ಹಿಟ್ಟಿನ ಗಿರಣಿಗಳು ಬರುವುದಕ್ಕೆ ಮುಂಚೆ ಇಲ್ಲಿಯ ಹೆಂಗಸರು ಬೆಳಗಿನ ಜಾವದಲ್ಲಿ ಎದ್ದು ರಾಗಿ ಬೀಸುತ್ತಿದ್ದರು. ಬೀಸುಕಲ್ಲು ತಿರುಗಿದಂತೆ ತ್ರಿಪದಿಯೂ ಸಾಗುತ್ತಿತ್ತು. ತವರಿನ ನೆನಪು, ಗಂಡನ ಮನೆಯ ಬವಣೆ, ಬಾರದ ಮಳೆ, ಮನೆದೇವರ ಮೊರೆ ಇವೆಲ್ಲ ಆ ಮೂರು ಸಾಲುಗಳಲ್ಲಿ ಅಡಕವಾಗುತ್ತಿದ್ದವು. ಮದುವೆಗೆ ಸೋಬಾನೆ, ಗದ್ದೆಗೆ ನಾಟಿಯ ಪದ, ಸಂಜೆಗೆ ಏಕತಾರಿಯ ತತ್ವಪದ ಇದ್ದವು. ಇವುಗಳಿಗೆ ಸಭಿಕರೆಂಬವರು ಬೇಕಿರಲಿಲ್ಲ. ಕಲ್ಲಿನ ಎದುರು ಬದಿಯಲ್ಲಿ ಗೂಟಕ್ಕೆ ಕೈ ಕೊಡುವ ಓರಗಿತ್ತಿಯೊಬ್ಬಳಿದ್ದರೆ ಸಾಕಾಗಿತ್ತು.

ಕನ್ನಡದಲ್ಲಿ ಜನರ ಬಾಯಲ್ಲಿದ್ದ ಹಾಡು ಹೊರಗಿನವರ ಕೈಸೇರಿದ ಕಥೆಯಲ್ಲಿ ಸಭೆಯ ಚರಿತ್ರೆಗೂ ಪಾಲಿದೆ. 1836ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನ ಹೆರ್ಮನ್ ಮೋಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಸಂಕಲಿಸಿ ಅಚ್ಚು ಹಾಕಿಸಿದರು. ಪುರಂದರದಾಸರ ಪದಗಳೂ ಕುರುಬ ಕುಲದಲ್ಲಿ ಹುಟ್ಟಿದ ಕನಕದಾಸರ ಪದಗಳೂ ತಂಬೂರಿ ಹಿಡಿದು ಬೀದಿಯಲ್ಲಿ ಹಾಡುತ್ತಾ ಬಂದವು. ಅವನ್ನು ಕೇಳಲು ಸಂಸ್ಕೃತ ಪಾಂಡಿತ್ಯ ಬೇಕಿರಲಿಲ್ಲ. ಚಾರ್ಲ್ಸ್ ಗೋವರ್ ದಾಸರ ಪದಗಳನ್ನು ಇಂಗ್ಲಿಷಿಗೆ ತಂದು, ದಕ್ಷಿಣ ಭಾರತದ ಜನಪದ ಗೀತೆಗಳ ತಮ್ಮ ಗ್ರಂಥದಲ್ಲಿ 1871ರಲ್ಲಿ ಪ್ರಕಟಿಸಿದರು. ಫೆರ್ಡಿನಾಂಡ್ ಕಿಟ್ಟೆಲ್ 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ಹೇಳಿದರು.

ಮೋಗ್ಲಿಂಗರು ಸುವಾರ್ತೆಯ ಸೇವೆಗಾಗಿ ಜನರ ನುಡಿಯನ್ನು ಕಲಿತವರು. ದಾಸರ ಹರಿಭಕ್ತಿ ಅವರ ವಿಶ್ವಾಸವಾಗಿರಲಿಲ್ಲ. ಆದರೂ ತಾವು ಒಪ್ಪದ ಭಕ್ತಿಯ ಹಾಡನ್ನು ಅವರು ಉಳಿಸಿಕೊಟ್ಟರು. ಇದನ್ನು ಕೃತಜ್ಞತೆಯಿಂದ ನೆನೆಯಬೇಕು. ಅದೇ ಹೊತ್ತಿನಲ್ಲಿ ಬಾಸೆಲ್ ಮಿಷನಿನ ಸಭೆಗಳ ಆರಾಧನೆಯಲ್ಲಿ ಜರ್ಮನ್ ಧಾಟಿಯ ಗೀತೆಗಳೇ ನೆಲೆಯೂರಿದವು. ಅಚ್ಚುಕೂಟಕ್ಕೆ ಬಂದ ಕನ್ನಡದ ಪದಕ್ಕೆ ದೇವಾಲಯದೊಳಗೆ ಸುಲಭವಾಗಿ ಪ್ರವೇಶ ದೊರೆಯಲಿಲ್ಲ.

ಇಂಥದೇ ಚರಿತ್ರೆ ಅಮೆರಿಕದ ಹಳ್ಳಿಗಾಡಿನ 'ಕಂಟ್ರಿ' ಸಂಗೀತಕ್ಕೂ ಇದೆ. 1927ರಲ್ಲಿ ಬ್ರಿಸ್ಟಲ್ ಎಂಬ ಪಟ್ಟಣದಲ್ಲಿ ಕಾರ್ಟರ್ ಕುಟುಂಬದವರೂ ಜಿಮ್ಮಿ ರಾಜರ್ಸ್ ಎಂಬ ಗಾಯಕನೂ ಧ್ವನಿಮುದ್ರಿಕೆಗೆ ಹಾಡಿದರು. ಗುಡ್ಡಗಾಡಿನ ಬಡ ಬಿಳಿಯರದೆಂದು ಎಣಿಸಲಾದ ಆ ಸಂಗೀತ ಎಲ್ಲಿಗೆ ತಲುಪಿತೆಂದರೆ, 1950ರಲ್ಲಿ ಹ್ಯೂ ಟ್ರೇಸಿ ಕೀನ್ಯದ ಕಿಪ್ಸಿಗಿಸ್ ಹುಡುಗಿಯರ ಹಾಡನ್ನು ಮುದ್ರಿಸಿಕೊಂಡಾಗ ರಾಜರ್ಸ್‌ನ ಹೆಸರು 'ಚೆಮಿರೋಚ' ಎಂದಾಗಿ ಅವರ ಹಾಡಿನೊಳಗೇ ಸೇರಿತ್ತು. 1962ರಲ್ಲಿ ಕರಿಯ ಗಾಯಕ ರೇ ಚಾರ್ಲ್ಸ್ ಈ ಗೀತೆಗಳನ್ನೇ ತನ್ನ ರೀತಿಯಲ್ಲಿ ಹಾಡಿ ದೇಶವನ್ನೆಲ್ಲ ಸೆಳೆದನು. ಮನೆಯ ನೆನಪು, ಅಗಲಿಕೆ, ಮರಣ, ದೇವರ ಕರುಣೆ ಇವು ಯಾವ ಕುಲದ ಸ್ವತ್ತೂ ಅಲ್ಲವೆಂಬುದಕ್ಕೆ ಇದು ಸಾಕ್ಷಿ. ಈ ಕಥೆಗೆ ಇನ್ನೊಂದು ಮುಖವಿದೆ. ಎ. ಪಿ. ಕಾರ್ಟರ್ ಊರೂರು ಸುತ್ತಿ ಹಾಡು ಸಂಗ್ರಹಿಸಿದಾಗ ಧಾಟಿಗಳನ್ನು ನೆನಪಿಟ್ಟುಕೊಂಡವನು ಲೆಸ್ಲಿ ರಿಡಲ್ ಎಂಬ ಕರಿಯ ಸಂಗೀತಗಾರ. ಹಾಡು ವರ್ಣದ ಬೇಲಿಯನ್ನು ದಾಟಿತು. ರಿಡಲ್‌ನ ಹೆಸರು ಬಹುಕಾಲ ಹಿಂದೆಯೇ ಉಳಿಯಿತು.

ಹಾಸನ ಸೀಮೆಗೆ ಮರಳೋಣ. ಹೇಮಾವತಿಯ ದಡದ ಗೊರೂರಿನಲ್ಲಿ 1904ರಲ್ಲಿ ಹುಟ್ಟಿದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಗಾಂಧೀಜಿಯ ಮಾರ್ಗವನ್ನು ಹಿಡಿದು ಹಳ್ಳಿಯಲ್ಲಿ ನಿಂತವರು. ಅವರು ಒಕ್ಕಲು ಮಕ್ಕಳ ಹಾಡುಗಳನ್ನು ಸಂಗ್ರಹಿಸಿ ಪ್ರಕಟಿಸಿದರು. ಅಯ್ಯಂಗಾರ್ ಮನೆತನದ ವಿದ್ಯಾವಂತರೊಬ್ಬರು ಆ ಪದಗಳನ್ನು ಸಾಹಿತ್ಯವೆಂದು ಗೌರವಿಸಿದ್ದು ಅಂದಿನ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಅರಕಲಗೂಡು ತಾಲೂಕಿನ ರುದ್ರಪಟ್ಟಣ ಸಂಗೀತಗಾರರ ಊರು. 1920ರಲ್ಲಿ ಅಲ್ಲಿ ಜನಿಸಿದ ಆರ್. ಕೆ. ಶ್ರೀಕಂಠನ್ ದಾಸರ ಪದಗಳನ್ನು ಕಛೇರಿಯಲ್ಲಿಯೂ ಆಕಾಶವಾಣಿಯಲ್ಲಿಯೂ ಹಾಡಿ ಪ್ರಚುರಪಡಿಸಿದರು. ಬೀದಿಯ ಪದ ವೇದಿಕೆ ಏರಿತು. ರೇಡಿಯೋ ಇದ್ದ ಮನೆಗಳಿಗೆ ಜಾತಿಮತಗಳ ಭೇದವಿಲ್ಲದೆ ತಲುಪಿತು. ಆದರೆ ಹಳ್ಳಿಯ ಪದಗಳನ್ನು ಕಟ್ಟಿದ ಹೆಂಗಸರು ಯಾರು? ತಲೆತಲಾಂತರದ ಆ ಹಾಡುಗಾರ್ತಿಯರ ಹೆಸರುಗಳು ಚರಿತ್ರೆಯಲ್ಲಿ ಉಳಿದಿಲ್ಲ.

ಈ ಮಾತು ನಮ್ಮ ಸಭೆಗಳಿಗೂ ಅನ್ವಯಿಸುತ್ತದೆ. ಆರಾಧನೆ ದೇಶೀಯವಾಗಬೇಕೆಂದು ನಾವು ಬಹುಕಾಲದಿಂದ ಹೇಳುತ್ತಿದ್ದೇವೆ. ದೇಶೀಯವೆಂದರೆ ಶಾಸ್ತ್ರೀಯ ರಾಗವೆಂದೇ ಹಲವೊಮ್ಮೆ ತಿಳಿದಿದ್ದೇವೆ. ಈಗ ಕೆಲವು ಸಭಾಪಾಲಕರು ತಮಟೆಯನ್ನೂ ಹಳ್ಳಿಯ ಧಾಟಿಯನ್ನೂ ದೇವಾಲಯಕ್ಕೆ ತರಬೇಕೆನ್ನುತ್ತಾರೆ. ಉದ್ದೇಶ ಒಳ್ಳೆಯದು. ಆದರೆ ತಮಟೆ ಬಡಿಯುವುದು ಕೆಲವು ಕುಲಗಳ ಮೇಲೆ ಊರು ಹೇರಿದ ಚಾಕರಿಯಾಗಿತ್ತು. ಜಾತ್ರೆಗೂ ಹೆಣಕ್ಕೂ ಅವರು ಬಡಿಯಲೇಬೇಕಿತ್ತು. ಆ ಚಾಕರಿಯಿಂದ ಬಿಡುಗಡೆ ಬಯಸಿ ಸಭೆಗೆ ಬಂದ ಹಿರಿಯರಿಗೆ, ಅದೇ ವಾದ್ಯವನ್ನು ಬಾರಿಸಿರೆಂದು ನಾವು ಹೇಳಿದರೆ ಅದು ಬಾಬೆಲಿನವರ ಕೋರಿಕೆಯಂತೆ ಕೇಳಿಸೀತು.

ಹಾಗೆಂದು ತಮಟೆಯನ್ನು ಹೊರಗಿಡಬೇಕೆಂದೂ ಅಲ್ಲ. 1970ರ ದಶಕದಿಂದ ಕರ್ನಾಟಕದ ದಲಿತ ಚಳವಳಿಯ ಹಾಡುಗಾರರು ತಮಟೆಯನ್ನು ತಮ್ಮ ಸ್ವಾಭಿಮಾನದ ದನಿಯಾಗಿ ಬಾರಿಸಿದರು. ದೈವಜ್ಞಾನಿ ಸತ್ಯನಾಥನ್ ಕ್ಲಾರ್ಕ್ 1998ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತಮಿಳುನಾಡಿನ ಪರೈಯರ ಪರೆಯನ್ನು ಕ್ರಿಸ್ತಶಾಸ್ತ್ರದ ಸಂಕೇತವಾಗಿ ವಿವರಿಸಿದರು. ಎರಡು ಕಡೆಯೂ ತೀರ್ಮಾನ ಹುಟ್ಟಿದ್ದು ವಾದ್ಯವನ್ನು ಹೊತ್ತ ಜನರ ಅನುಭವದಿಂದ. ಸಭೆಯಲ್ಲಿಯೂ ಹಾಗೆಯೇ ಆಗಬೇಕು.

ಆದುದರಿಂದ ಹಾಸನ ಸೀಮೆಯ ಹಳ್ಳಿಗಳಿಗೆ ಸೇವೆಗೆ ಹೋಗುವ ನಮ್ಮ ವಿದ್ಯಾರ್ಥಿಗಳಲ್ಲಿ ಒಂದು ವಿಜ್ಞಾಪನೆ. ಮೊದಲ ವರುಷ ಹೊಸ ಗೀತೆಯನ್ನು ಕಲಿಸಲು ಅವಸರಪಡಬೇಡಿರಿ. ಸಭೆಯ ಅಜ್ಜಿಯರ ಬಳಿ ಕುಳಿತು, ಅವರಿಗೆ ಯಾವ ಪದ ನೆನಪಿದೆ, ಅದನ್ನು ಯಾರಿಂದ ಕಲಿತರು, ಯಾವುದನ್ನು ಏಕೆ ಹಾಡುವುದನ್ನು ಬಿಟ್ಟರು ಎಂದು ಕೇಳಿರಿ. ಅವರು ಒಪ್ಪಿದರೆ ಪದವನ್ನೂ ಅವರ ಹೆಸರನ್ನೂ ಬರೆದಿಟ್ಟುಕೊಳ್ಳಿರಿ. ಹಾಡಲು ಒಲ್ಲೆನೆಂದರೆ ಅದನ್ನೂ ಗೌರವಿಸಿರಿ. 137ನೆಯ ಕೀರ್ತನೆಯ ಸೆರೆಯವರು ಕಿನ್ನರಿಗಳನ್ನು ಮರಕ್ಕೆ ತೂಗುಹಾಕಿದ್ದೂ ದೇವರ ಮುಂದೆ ಪ್ರಾರ್ಥನೆಯಾಗಿಯೇ ನಮ್ಮ ಗ್ರಂಥದಲ್ಲಿ ಉಳಿದಿದೆ.