ಪ್ರದರ್ಶನದ ಕರಕುಶಲ, ಬೀದಿಯ ಕಸುಬು

ಬೆಂಗಳೂರಿನ ನೆಲದಡಿ ಕೊರೆದ ಮೆಟ್ರೋ ಮಾರ್ಗವೊಂದರ ನಿಲ್ದಾಣಗಳ ಹೆಸರು ಸಾಲಾಗಿ ಹೀಗಿವೆ: ಎಂ.ಜಿ. ರಸ್ತೆ, ಶಿವಾಜಿನಗರ, ಕಂಟೋನ್ಮೆಂಟ್, ಪಾಟರಿ ಟೌನ್, ಟ್ಯಾನರಿ ರಸ್ತೆ. ದಂಡು ಪ್ರದೇಶದ ಕಸುಬುಗಳ ಅರ್ಧ ಚರಿತ್ರೆ ಈ ಸಾಲಿನಲ್ಲೇ ಇದೆ. ಒಂದು ತುದಿಯಲ್ಲಿ ಕರಕುಶಲ ವಸ್ತುಗಳನ್ನು ಗಾಜಿನ ಕಪಾಟಿನಲ್ಲಿಟ್ಟು ತೋರಿಸುವ ಜಾಗ. ಇನ್ನೊಂದು ತುದಿಯಲ್ಲಿ ಮಣ್ಣು ತುಳಿದವರ, ಚರ್ಮ ಹದ ಮಾಡಿದವರ ಕೇರಿ. ನಡೆದು ಹೋದರೆ ಎರಡು ಗಂಟೆಯೂ ಬೇಡ. ಆದರೆ ವಸ್ತು ಈ ದಾರಿ ದಾಟಿದಷ್ಟು ಸಲೀಸಾಗಿ ಅದನ್ನು ಮಾಡಿದ ಮನುಷ್ಯ ದಾಟಲಿಲ್ಲ. ಯಾಕೆ ಅಂತ ನಾವು ಕೇಳಬೇಕು.

ಇವತ್ತು ನಾವು ನೋಡುವ ಪ್ರದರ್ಶನ ನಮ್ಮ ಸಂತೆ ಜಾತ್ರೆಗಳಿಂದ ಹುಟ್ಟಿದ್ದಲ್ಲ. ಸಂತೆಯಲ್ಲಿ ಮಾಡಿದವನೇ ಎದುರಿಗೆ ಕೂತಿರುತ್ತಾನೆ. ಮಡಕೆಯನ್ನು ಬೆರಳಿನಿಂದ ಬಡಿದು ನೋಡುತ್ತೇವೆ, ಚೌಕಾಸಿ ಮಾಡುತ್ತೇವೆ, ಬೈದು ಬೈಸಿಕೊಂಡು ಕೊಳ್ಳುತ್ತೇವೆ. ಗಾಜಿನ ಕಪಾಟು ಬಂದದ್ದು ಸಾಮ್ರಾಜ್ಯದ ಜೊತೆ. 1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಭಾರತದ ನೇಯ್ಗೆ, ಕೆತ್ತನೆಗಳನ್ನು ಹರಡಿದರು. 1865ರಲ್ಲಿ ಎಡ್ವರ್ಡ್ ಬಾಲ್ಫೋರ್ ಎಂಬ ಸೇನಾ ವೈದ್ಯ ಬೆಂಗಳೂರಿನಲ್ಲಿ ಸರ್ಕಾರಿ ಮ್ಯೂಸಿಯಂ ಶುರು ಮಾಡಿದ. ದಂಡು ಪ್ರದೇಶದ ಮ್ಯೂಸಿಯಂ ರಸ್ತೆಗೆ ಆ ಹೆಸರು ಬಂದದ್ದು ಅದರಿಂದಲೇ.

1886ರ ಕಥೆ ಇನ್ನೂ ಖಾರ. ಆ ವರ್ಷ ಲಂಡನ್ನಿನಲ್ಲಿ ನಡೆದ ವಸಾಹತು ಮತ್ತು ಭಾರತ ಪ್ರದರ್ಶನದಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿ ಭಾರತೀಯ ಕುಶಲಕರ್ಮಿಗಳನ್ನು ಕೂರಿಸಿ ಜನರ ಮುಂದೆ ಕೆಲಸ ಮಾಡಿಸಿದರು. ತಲೆತಲಾಂತರದ ಕಸುಬುದಾರರು ಅಂತ ನೋಡುಗರು ಬೆರಗಾದರು. ಅವರಲ್ಲಿ ಬಹುಪಾಲು ಜನ ಆಗ್ರಾ ಜೈಲಿನ ಕೈದಿಗಳು! ಕಸುಬನ್ನು ಅಲ್ಲೇ ಕಲಿತವರು. ಕುಶಲಕರ್ಮಿಯನ್ನು ತೋರಿಸುವುದು ಬೇರೆ, ಅವನ ಮಾತು ಕೇಳುವುದು ಬೇರೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಈಗ ನಮ್ಮ ದಂಡಿಗೆ ಬರೋಣ. 1809ರಲ್ಲಿ ಬ್ರಿಟಿಷರು ಹಲಸೂರಿನ ಪಕ್ಕ ಸೈನ್ಯ ನೆಲೆಗೊಳಿಸಿದರು. ಸೈನ್ಯಕ್ಕೆ ಬರೀ ಬಂದೂಕು ಸಾಕೆ? ಬೂಟು ಬೇಕು, ಕುದುರೆಗೆ ಜೀನು ಬೇಕು, ನೀರಿಗೆ ಮಡಕೆ ಬೇಕು, ಬುಟ್ಟಿ, ಚಾಪೆ, ಏಣಿ ಬೇಕು. ಇದನ್ನೆಲ್ಲ ಮಾಡುವ ಜನ ಸುತ್ತಲ ಹಳ್ಳಿಗಳಿಂದಲೂ ತಮಿಳು ಸೀಮೆಯಿಂದಲೂ ಬಂದು ಸೇರಿದರು. ಪಾಟರಿ ಟೌನ್, ಟ್ಯಾನರಿ ರಸ್ತೆ, ಬಂಬೂ ಬಜಾರ್ ಎಂಬ ಹೆಸರುಗಳನ್ನು ನೋಡಿ. ಇಂಗ್ಲಿಷಿನಲ್ಲಿ ಹೇಳಿದ ಕಸುಬಿನ ಕೇರಿಗಳು ಇವು. ಊರಿನ ಜಾತಿ ಲೆಕ್ಕ ಪಟ್ಟಣಕ್ಕೆ ಬಂದಾಗ ಬೋರ್ಡಿನ ಭಾಷೆ ಬದಲಾಯಿತು, ಅಷ್ಟೆ.

ಸ್ವಾತಂತ್ರ್ಯದ ನಂತರ ಕೆಲವರು ಪ್ರಾಮಾಣಿಕವಾಗಿ ದುಡಿದರು, ಅದನ್ನು ಮರೆಯಬಾರದು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತು ಸಾಯುತ್ತಿದ್ದ ಎಷ್ಟೋ ಕಸುಬುಗಳಿಗೆ ಉಸಿರು ಕೊಟ್ಟರು. 1964ರಲ್ಲಿ ನಮ್ಮ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮ ಬಂತು. ಅದರ ಕಾವೇರಿ ಮಳಿಗೆ ಎಂ.ಜಿ. ರಸ್ತೆಯ ಗುರುತೇ ಆಯಿತು. ಗಂಧ, ಬೀಟೆ, ಬಿದರಿ, ಚನ್ನಪಟ್ಟಣದ ಗೊಂಬೆ ಅಲ್ಲಿ ಮೆರೆದವು. ಚರ್ಮಕ್ಕೆ ಮಾತ್ರ 1976ರಲ್ಲಿ ದೇವರಾಜ ಅರಸರ ಕಾಲದಲ್ಲಿ ಬೇರೆ ನಿಗಮವಾಯಿತು, ಅದೇ ಲಿಡ್ಕರ್. ಚರ್ಮದ ಕೆಲಸಗಾರರಿಗೆ ಅದು ಬೇಕಾಗಿತ್ತು, ತಕರಾರಿಲ್ಲ. ಆದರೆ ಹೆಸರು ಗಮನಿಸಿ. ಗಂಧದ ಕೆತ್ತನೆ 'ಕರಕುಶಲ', ಚರ್ಮದ ಹೊಲಿಗೆ 'ಕೈಗಾರಿಕೆ'. ಉಳಿ ಹಿಡಿದ ಕೈ ಎರಡೂ ಕಡೆ ಒಂದೇ ಅಲ್ಲವೆ? ಕೈ ತಾಗಿದ ವಸ್ತು ಗಂಧವೋ ಸತ್ತ ದನದ ತೊಗಲೋ ಎಂಬುದರ ಮೇಲೆ ಕಲೆಯ ಅಂತಸ್ತು ನಿಂತರೆ ಅದು ಮನುವಿನ ತಕ್ಕಡಿಯೇ.

ಇತ್ತೀಚಿನ ಪ್ರದರ್ಶನಗಳಿಗೆ ಬೇರೆ ಬೆಡಗು ಬಂದಿದೆ. ಇನ್‌ಫೆಂಟ್ರಿ ರಸ್ತೆಯ ಸಫೀನಾ ಪ್ಲಾಜಾದಲ್ಲಿ ಕೈಮಗ್ಗ, ಕರಕುಶಲ ಮೇಳಗಳು ನಡೆದಿವೆ. 2013ರಲ್ಲಿ ಎಂ.ಜಿ. ರಸ್ತೆಯ ಮೆಟ್ರೋ ನಿಲ್ದಾಣದ ಕೆಳಗೆ ರಂಗೋಲಿ ಕಲಾ ಕೇಂದ್ರ ತೆರೆಯಿತು. ಗಣೇಶನ ಹಬ್ಬ, ದಸರಾ, ದೀಪಾವಳಿ ಅಂತ ಋತುಮಾನಕ್ಕೆ ತಕ್ಕಂತೆ 'ಸಮಕಾಲೀನ ಕರಕುಶಲ' ಎಂಬ ಹೆಸರಲ್ಲಿ ಮೇಜು ಹಾಕುತ್ತಾರೆ. ಪಾಟರಿ ಟೌನಿನಲ್ಲೂ ಅದೇ ಋತುಮಾನ ನಡೆಯುತ್ತೆ. ಭಾದ್ರಪದಕ್ಕೆ ಗಣಪ, ನವರಾತ್ರಿಗೆ ಗೊಂಬೆ, ಕಾರ್ತಿಕಕ್ಕೆ ಹಣತೆ. ಅಲ್ಲಿ ಉದ್ಘಾಟನೆ ಇಲ್ಲ, ಆಹ್ವಾನ ಪತ್ರಿಕೆ ಇಲ್ಲ. ತಿಗರಿ ತಿರುಗುತ್ತೆ, ಆವಿಗೆ ಹೊಗೆಯಾಡುತ್ತೆ, ಮಳೆ ಬಂದರೆ ಒಣಗಿಸಲಿಟ್ಟ ಹಣತೆಗಳನ್ನು ಮನೆಮಂದಿಯೆಲ್ಲ ಓಡಿ ಒಳಕ್ಕೆ ಎತ್ತಿಡುತ್ತಾರೆ. ಆ ಹಣತೆ ಸಮಕಾಲೀನ ಅಲ್ಲವೆ? ಇವತ್ತು ಬೆಳಿಗ್ಗೆ ಮಾಡಿದ್ದು ಹಳೇದು ಹ್ಯಾಗಾಗುತ್ತೆ?

ಮಣ್ಣಿನ ಕಥೆಯೂ ಇದರೊಳಗೇ ಇದೆ. 2016ರಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಗಣಪಗಳಿಗೆ ತಡೆ ಹಾಕಿತು. ಪೇಟೆಯವರಿಗೆ ಜೇಡಿಮಣ್ಣು ಇದ್ದಕ್ಕಿದ್ದಂತೆ ಪವಿತ್ರವಾಯಿತು. ಒಳ್ಳೇದೇ. ಆದರೆ ಜೇಡಿಮಣ್ಣು ಕೊಡುವ ಕೆರೆ ಎಲ್ಲಿ? ಶೂಲೆ ಕೆರೆ ಫುಟ್‌ಬಾಲ್ ಮೈದಾನವಾಯಿತು. ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. ಕೆರೆ ಮುಚ್ಚಿದ ಊರಿನಲ್ಲಿ ಮಣ್ಣು ಲಾರಿ ಬಾಡಿಗೆ ಕೊಟ್ಟು ದೂರದಿಂದ ತರಿಸುವ ವಸ್ತು. ಆ ಬಾಡಿಗೆ ಕೊಟ್ಟ ಮೇಲೆ ಗಣಪನ ಬೆಲೆಯಲ್ಲಿ ಕುಂಬಾರನಿಗೆ ಉಳಿಯೋದೆಷ್ಟು ಅಂತ ಪರಿಸರದ ಭಾಷಣಗಳಲ್ಲಿ ಯಾರೂ ಕೇಳೋದಿಲ್ಲ.

ಇನ್ನು ಚರ್ಮದ ಮಾತು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಅದರಲ್ಲಿವೆ. ಲಿಡ್ಕರ್ ಆ ಹಕ್ಕಿನ ಒಡೆತನದಲ್ಲಿ ಪಾಲುದಾರ. ಅಥಣಿ, ನಿಪ್ಪಾಣಿ ಕಡೆಯ ಸಮಗಾರರು ತಲೆಮಾರುಗಳಿಂದ ಹೊಲಿದ ಮೆಟ್ಟು ಅದು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಅದೇ ನಮೂನೆಯ ಚಪ್ಪಲಿ ತೊಡಿಸಿ ಮಾಡೆಲ್‌ಗಳನ್ನು ನಡೆಸಿತು. ಮೂಲ ಎಲ್ಲಿಯದು ಅಂತ ಬಾಯಿ ಬಿಡಲಿಲ್ಲ. ಇಲ್ಲಿ ಗದ್ದಲವೆದ್ದ ಮೇಲೆ ಒಪ್ಪಿಕೊಂಡಿತು. ಗುಡಿಯ ಬಾಗಿಲಲ್ಲಿ ಬಿಡಬೇಕಾದ ಮೆಟ್ಟು ಮಿಲಾನಿನ ವೇದಿಕೆ ಹತ್ತಿತು. ಮೆಟ್ಟು ಹೊಲಿದವನಿಗೆ ಗುಡಿಯ ಬಾಗಿಲು ಎಷ್ಟು ಊರುಗಳಲ್ಲಿ ಪೂರ್ತಿ ತೆರೆದಿದೆ?

ಗೆಳೆಯರೆ, ಪ್ರದರ್ಶನ ಬೇಡ ಅಂತ ನಾವು ಹೇಳುತ್ತಿಲ್ಲ. ಮಾರಾಟವಾದರೆ ಒಲೆ ಉರಿಯುತ್ತೆ, ಅದು ನಮಗೂ ಗೊತ್ತು. ಕೇಳಬೇಕಾದ್ದು ಇಷ್ಟು. ಬೆಲೆಚೀಟಿಯ ಮೇಲೆ ಮಾಡಿದವರ ಹೆಸರು, ಊರು ಇರಲಿ. ಮಾರಿದ ಬೆಲೆಯಲ್ಲಿ ಅವರ ಪಾಲು ಎಷ್ಟು ಅಂತ ಬರೆಯಲಿ. ಯಾವ ವಸ್ತು ಒಳಗೆ ಬರಬೇಕು ಅಂತ ತೀರ್ಮಾನಿಸುವ ಸಮಿತಿಯಲ್ಲಿ ಕುಂಬಾರರು, ಸಮಗಾರರು, ಮೇದಾರರು ಕೂರಲಿ. ಬಿದರಿ ಹೂಜಿಯ ಪಕ್ಕದಲ್ಲಿ ತಮಟೆಯನ್ನೂ ಇಡಲಿ, ಅದನ್ನು ಕಟ್ಟುವ ಕೆಲಸವೂ ಕುಶಲವೇ ಅಂತ ಒಪ್ಪಲಿ. ಮೇಷ್ಟರುಗಳು ಮಕ್ಕಳನ್ನು ಬೆಂಗಳೂರಿಗೆ ಪ್ರವಾಸ ಕರೆತಂದಾಗ ಮ್ಯೂಸಿಯಂ ತೋರಿಸಿ, ಹಾಗೇ ಪಾಟರಿ ಟೌನಿಗೂ ಕರೆದೊಯ್ಯಲಿ. ಅಲ್ಲಿ ತಿಗರಿ ಮುಂದೆ ಕೂತವರನ್ನು ಮಕ್ಕಳೇ ಮಾತಾಡಿಸಲಿ: ಮಣ್ಣು ಎಲ್ಲಿಂದ ಬರುತ್ತೆ, ಒಂದು ಹಣತೆಗೆ ಎಷ್ಟು ಸಿಗುತ್ತೆ, ನಿಮ್ಮ ಹೆಸರೇನು?