ಉಗುರು ಮತ್ತು ಕೊಡಲಿ

“ಉಗುರಿನಿಂದ ಹೋಗುವುದಕ್ಕೆ ಕೊಡಲಿಯೇಕೆ?” ತೊಡಕು ಎಷ್ಟಿದೆಯೋ ಉಪಾಯವೂ ಅಷ್ಟೇ ಇರಲಿ ಎಂಬುದು ಈ ಗಾದೆಯ ಹುರುಳು. ಇದನ್ನು ಮೊದಲು ನುಡಿದವರಾರು?

ಸವದತ್ತಿಯ ರಟ್ಟ ಅರಸರು ಜಿನಾಲಯಗಳಿಗೆ ಬಿಟ್ಟ ದತ್ತಿಗಳು ಶಿಲೆಯ ಮೇಲೆ ಉಳಿದಿವೆ; ಗಾದೆಗೆ ಅಂಥ ಶಾಸನವಿಲ್ಲ. ಕರ್ತೃ ತಿಳಿಯದ ನುಡಿಯನ್ನು ಸರ್ವಜ್ಞನಿಗೆ ಸಲ್ಲಿಸುವ ರೂಢಿಯುಂಟು, ಆದರೆ ರೂಢಿ ಪ್ರಮಾಣವಾಗದು. ತೆಲುಗಿನಲ್ಲಿಯೂ ಇದೇ ಉಗುರು, ಇದೇ ಕೊಡಲಿ. ಚೀನದ ಕನ್‌ಫ್ಯೂಶಿಯಸನ ಸಂವಾದಗಳಲ್ಲಿ ಕೋಳಿಗೆ ಎತ್ತಿನ ಕತ್ತಿಯೇಕೆಂಬ ಮಾತಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಹಿಂಸೆಯ ಸಾಧನಗಳನ್ನು ಪರರಿಗೆ ಕೊಡುವುದನ್ನು ಅನರ್ಥದಂಡವೆಂದು ಎಣಿಸುವಾಗ ಕೊಡಲಿಯನ್ನೇ ಮೊದಲು ಹೆಸರಿಸುತ್ತದೆ. ಗಾದೆ ಅಲ್ಲಿಂದ ಹುಟ್ಟಿತೆನ್ನಲಾಗದು. ಒಂದೇ ಅನುಭವ ಹಲವೆಡೆ ಮಾತಾಗಿರಬಹುದು.

ಆ ಅನುಭವಕ್ಕೆ ಕಿತ್ತೂರಿನ ಇತಿಹಾಸವೇ ಸಾಕ್ಷಿ. 1824ರ ಸೆಪ್ಟೆಂಬರಿನಲ್ಲಿ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡನು. ದತ್ತಕದ ವಿಚಾರವು ಕಾಗದಪತ್ರಗಳಿಂದ ಇತ್ಯರ್ಥವಾಗಬಹುದಾಗಿತ್ತು. ರಾಣಿ ಚೆನ್ನಮ್ಮ ಕಂಪನಿಯ ಮೇಲಧಿಕಾರಿಗಳಿಗೆ ಅರಿಕೆಯನ್ನೂ ಮಾಡಿಕೊಂಡಿದ್ದಳು. ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಒಪ್ಪದೆ ಭಂಡಾರಕ್ಕೆ ಮುದ್ರೆಯೊತ್ತಿಸಿ, ತೋಪುಗಳನ್ನು ತಂದನು. ಅಕ್ಟೋಬರ್ 23ರಂದು ಕೋಟೆಯ ಮುಂದೆ ಅವನೇ ಹತನಾದನು. ಸೆರೆಸಿಕ್ಕ ಸ್ಟೀವನ್‌ಸನ್, ಎಲಿಯಟ್ ಎಂಬ ಅಧಿಕಾರಿಗಳನ್ನು ರಾಣಿ ನೋಯಿಸದೆ ಕಾಪಾಡಿ, ಸಂಧಾನದ ಆಸೆಯಿಂದ ಬಿಡುಗಡೆ ಮಾಡಿದಳು. ಆದರೂ ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಕೋಟೆಯನ್ನು ವಶಪಡಿಸಿಕೊಂಡಿತು. ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಚೆನ್ನಮ್ಮನ ಬಾಳು ಮುಗಿಯಿತು.

ಕೊಡಲಿ ಬಿದ್ದರೂ ತೊಡಕು ತೀರಲಿಲ್ಲ. ಸಂಗೊಳ್ಳಿ ರಾಯಣ್ಣನು ಮತ್ತೆ ದಂಡು ಕಟ್ಟಿದನು. 1831ರಲ್ಲಿ ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು.

ತಪ್ಪು ಆಳುವವರದು ಮಾತ್ರವೇ ಆಗಿರುವುದಿಲ್ಲ. 1939ರ ಏಪ್ರಿಲಿನಲ್ಲಿ ರಾಮದುರ್ಗ ಸಂಸ್ಥಾನದ ಪ್ರಜೆಗಳ ನ್ಯಾಯವಾದ ಚಳವಳಿಯು ಸೆರೆಮನೆಯ ಮೇಲಿನ ದಾಳಿಗೆ ತಿರುಗಿ, ಕಾವಲಿನ ಪೊಲೀಸರು ಪ್ರಾಣ ಕಳೆದುಕೊಂಡರು. ಗಾಂಧೀಜಿ ಆ ಹಿಂಸೆಯನ್ನು ಒಪ್ಪಲಿಲ್ಲ. ಬೇಡಿಕೆ ನ್ಯಾಯವಾದುದೆಂಬ ಮಾತ್ರಕ್ಕೆ ಹತರಾದವರ ಮನೆಯ ದುಃಖ ಕಡಿಮೆಯಾಗುವುದೇ?

ಎಲ್ಲ ತೊಡಕುಗಳೂ ಉಗುರಿಗೆ ಬಗ್ಗುವುವೆಂದು ಗಾದೆ ಹೇಳುವುದಿಲ್ಲ. ಮುಂದೆ ಕಂಪನಿಯ ತೋಪು ನಿಂತಾಗ ಚೆನ್ನಮ್ಮನಿಗೂ ಬೇರೆ ದಾರಿ ಉಳಿದಿರಲಿಲ್ಲ. ಉಗುರು ಸಾಲದೆಂದು ತಿಳಿಯುವ ಮೊದಲೇ ಕೊಡಲಿಗೆ ಕೈಹಾಕುವವನನ್ನು ಅದು ಪ್ರಶ್ನಿಸುತ್ತದೆ. ಹೊಲದ ಬದುವಿನ ವ್ಯಾಜ್ಯವಾಗಲಿ, ಅಣ್ಣತಮ್ಮಂದಿರ ಪಾಲಿನ ಮಾತಾಗಲಿ, ಇಂದಿಗೂ ಮೊದಲು ಕೇಳಿಕೊಳ್ಳಬೇಕಾದದ್ದು ಆ ಪ್ರಶ್ನೆಯನ್ನೇ.