ಪ್ರಲಾಪ ಪ್ರಾರ್ಥನೆ (ಕ್ರೈಸ್ತ ಧರ್ಮ)

ಪ್ರಲಾಪ ಪ್ರಾರ್ಥನೆಯು ಕ್ರೈಸ್ತ ಧರ್ಮದ ಒಂದು ಪ್ರಾರ್ಥನಾ ಪ್ರಕಾರ. ರೋಗ, ಸಾವು, ಅನ್ಯಾಯ, ಯುದ್ಧ, ಒಂಟಿತನ ಮೊದಲಾದ ಸಂಕಟಗಳಲ್ಲಿ ಭಕ್ತನು ತನ್ನ ದುಃಖ, ಭಯ, ಸಿಟ್ಟು ಹಾಗೂ ಸಂದೇಹಗಳನ್ನು ಮರೆಮಾಚದೆ ದೇವರ ಮುಂದೆ ಹೇಳಿಕೊಳ್ಳುವುದು ಇದರ ಲಕ್ಷಣ. ದೇವರು ಮೌನವಾಗಿದ್ದಾನೆ, ತನ್ನನ್ನು ಮರೆತಿದ್ದಾನೆ ಎಂಬ ದೂರನ್ನು ಸಹ ದೇವರಿಗೇ ಸಲ್ಲಿಸುವುದು ಇದರ ವೈಶಿಷ್ಟ್ಯ. ಬೈಬಲಿನ ಕೀರ್ತನೆಗಳು ಗ್ರಂಥದ 150 ಕೀರ್ತನೆಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಿನವನ್ನು ವಿದ್ವಾಂಸರು ಈ ವರ್ಗಕ್ಕೆ ಸೇರಿಸುತ್ತಾರೆ. ಪ್ರಲಾಪಗಳು, ಯೋಬ, ಯೆರೆಮೀಯ ಮತ್ತು ಹಬಕ್ಕೂಕ ಗ್ರಂಥಗಳಲ್ಲಿಯೂ ಇಂತಹ ಪ್ರಾರ್ಥನೆಗಳಿವೆ. ಸುವಾರ್ತೆಗಳ ಪ್ರಕಾರ ಯೇಸು ಕ್ರಿಸ್ತನು ಶಿಲುಬೆಯ ಮೇಲೆ ಪ್ರಾರ್ಥಿಸಿದ್ದೂ ಪ್ರಲಾಪ ಕೀರ್ತನೆಯೊಂದರ ಮಾತುಗಳಿಂದಲೇ.

ಪದ ಮತ್ತು ವ್ಯಾಪ್ತಿ

ಸಂಸ್ಕೃತ ಮೂಲದ ‘ಪ್ರಲಾಪ’ ಪದಕ್ಕೆ ಕನ್ನಡದಲ್ಲಿ ಗೋಳಾಟ, ಹಲುಬುವಿಕೆ ಎಂಬ ಅರ್ಥಗಳಿವೆ. ಕನ್ನಡ ಬೈಬಲಿನಲ್ಲಿ ಯೆರೂಸಲೇಮಿನ ನಾಶವನ್ನು ಕುರಿತ ಐದು ಅಧ್ಯಾಯಗಳ ಗ್ರಂಥಕ್ಕೆ ‘ಪ್ರಲಾಪಗಳು’ ಎಂಬ ಹೆಸರಿದೆ. ದೇವತಾಶಾಸ್ತ್ರದ ಚರ್ಚೆಯಲ್ಲಿ ಈ ಪದವು ಇನ್ನೂ ನಿರ್ದಿಷ್ಟವಾದ ಅರ್ಥವನ್ನು ಪಡೆದಿದೆ. ಅದನ್ನು ತಿಳಿಯಲು ಎರಡು ವ್ಯತ್ಯಾಸಗಳನ್ನು ಗಮನಿಸಬೇಕು.

ಮೊದಲನೆಯದು, ಶೋಕಗೀತೆಗೂ ಪ್ರಲಾಪ ಪ್ರಾರ್ಥನೆಗೂ ಇರುವ ವ್ಯತ್ಯಾಸ. ಸತ್ತವರಿಗಾಗಿ ಹಾಡುವ ಶೋಕಗೀತೆಯನ್ನು ಹೀಬ್ರೂ ಭಾಷೆಯಲ್ಲಿ ‘ಕೀನಾ’ ಎನ್ನುತ್ತಾರೆ. ಸೌಲ ಮತ್ತು ಯೋನಾತಾನರ ಸಾವಿಗಾಗಿ ದಾವೀದನು ಹಾಡಿದ ಗೀತೆ (2 ಸಮುವೇಲ 1) ಇದಕ್ಕೆ ಉದಾಹರಣೆ. ಅದರಲ್ಲಿ ದೇವರನ್ನು ಸಂಬೋಧಿಸುವ ಮಾತೇ ಇಲ್ಲ. ಶೋಕಗೀತೆಯು ಮುಗಿದುಹೋದುದನ್ನು ನೆನೆದು ಅಳುತ್ತದೆ. ಪ್ರಲಾಪ ಪ್ರಾರ್ಥನೆಯಾದರೋ ಇನ್ನೂ ಬದಲಾಗಬಹುದಾದ ಸ್ಥಿತಿಯನ್ನು ದೇವರ ಮುಂದಿಟ್ಟು ಉತ್ತರವನ್ನು ಕೇಳುತ್ತದೆ.

ಎರಡನೆಯದು, ಗುಣುಗುಟ್ಟುವಿಕೆಗೂ ಪ್ರಲಾಪಕ್ಕೂ ಇರುವ ವ್ಯತ್ಯಾಸ. ಐಗುಪ್ತದಿಂದ ಹೊರಟ ಇಸ್ರಾಯೇಲ್ಯರು ಅರಣ್ಯದಲ್ಲಿ ಗುಣುಗುಟ್ಟಿದ್ದನ್ನು ವಿಮೋಚನಕಾಂಡ ಮತ್ತು ಅರಣ್ಯಕಾಂಡಗಳು ಖಂಡಿಸುತ್ತವೆ. ಅದೇ ಅರಣ್ಯದಲ್ಲಿ ಜನರ ಹೊರೆಯನ್ನು ತಾನೊಬ್ಬನೇ ಹೊರಲಾರೆನೆಂದೂ ಇದಕ್ಕಿಂತ ತನ್ನನ್ನು ಕೊಂದುಬಿಡುವುದೇ ಲೇಸೆಂದೂ ಮೋಶೆಯು ದೇವರಿಗೆ ಹೇಳುತ್ತಾನೆ (ಅರಣ್ಯಕಾಂಡ 11). ಅವನಿಗೆ ಶಿಕ್ಷೆಯಾಗುವುದಿಲ್ಲ, ಹೊರೆಯನ್ನು ಹಂಚಿಕೊಳ್ಳಲು ಎಪ್ಪತ್ತು ಮಂದಿ ಹಿರಿಯರು ದೊರೆಯುತ್ತಾರೆ. ಜನರು ದೇವರ ಬಗ್ಗೆ ತಮ್ಮತಮ್ಮೊಳಗೆ ದೂರಿದರು, ಮೋಶೆಯು ದೇವರಿಗೇ ದೂರಿದನು ಎಂದು ವ್ಯಾಖ್ಯಾನಕಾರರು ಈ ಭೇದವನ್ನು ವಿವರಿಸುತ್ತಾರೆ. ದೂರುವವನು ದೇವರನ್ನು ಬಿಟ್ಟುಹೋಗಿಲ್ಲ, ಅವನೊಡನೆ ಮಾತನಾಡುತ್ತಿದ್ದಾನೆ. ಆದ್ದರಿಂದ ಪ್ರಲಾಪವನ್ನು ಅವಿಶ್ವಾಸವೆಂದಲ್ಲ, ವಿಶ್ವಾಸದ ಒಂದು ರೂಪವೆಂದೇ ಪರಿಗಣಿಸಲಾಗುತ್ತದೆ.

ರಚನೆ

ಕೀರ್ತನೆಗಳನ್ನು ಸಾಹಿತ್ಯ ಪ್ರಕಾರಗಳಾಗಿ ವಿಂಗಡಿಸಿ ಅಧ್ಯಯನ ಮಾಡುವ ಪದ್ಧತಿಗೆ ಜರ್ಮನ್ ವಿದ್ವಾಂಸ ಹರ್ಮನ್ ಗುಂಕೆಲ್ (1862–1932) ತಳಹದಿ ಹಾಕಿದರು. ಅವರ ನಂತರ ಕ್ಲಾಸ್ ವೆಸ್ಟರ್‌ಮನ್ (1909–2000) ಪ್ರಲಾಪ ಕೀರ್ತನೆಗಳ ಅಂಗಗಳನ್ನು ವಿವರವಾಗಿ ಗುರುತಿಸಿದರು. ಸಾಮಾನ್ಯವಾಗಿ ಕಂಡುಬರುವ ಅಂಗಗಳು ಇವು:

1. ಸಂಬೋಧನೆ: ದೇವರನ್ನು ಹೆಸರು ಹಿಡಿದು ಕರೆಯುವುದು.
2. ದೂರು: ಸಂಕಟದ ನಿರೂಪಣೆ. ಇದಕ್ಕೆ ಮೂರು ಮುಖಗಳಿವೆ: ದೇವರು ಏನು ಮಾಡಿದನು ಅಥವಾ ಮಾಡಲಿಲ್ಲ, ತನ್ನ ಸ್ಥಿತಿ ಏನಾಗಿದೆ, ವೈರಿಗಳು ಏನು ಮಾಡುತ್ತಿದ್ದಾರೆ.
3. ಭರವಸೆಯ ನುಡಿ: ಹಿಂದೆ ದೇವರು ಮಾಡಿದ ಉಪಕಾರಗಳ ಸ್ಮರಣೆ.
4. ಬಿನ್ನಹ: ಕಿವಿಗೊಡು, ಎದ್ದೇಳು, ಬಿಡಿಸು ಎಂಬ ನೇರ ಬೇಡಿಕೆ.
5. ಸ್ತುತಿಯ ಹರಕೆ: ಬಿಡುಗಡೆಯಾದ ಮೇಲೆ ಸಭೆಯ ನಡುವೆ ಕೊಂಡಾಡುವೆನೆಂಬ ಮಾತು.

ಎಲ್ಲ ಕೀರ್ತನೆಗಳಲ್ಲಿಯೂ ಈ ಐದು ಅಂಗಗಳು ಇರುವುದಿಲ್ಲ, ಇದೇ ಕ್ರಮವೂ ಇರುವುದಿಲ್ಲ. ಆರು ವಚನಗಳ 13ನೆಯ ಕೀರ್ತನೆಯು ಈ ರಚನೆಯ ಸಂಕ್ಷಿಪ್ತ ಮಾದರಿ. ಅದರ ಮೊದಲೆರಡು ವಚನಗಳಲ್ಲಿ ‘ಎಷ್ಟು ಕಾಲ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ನಡುವಿನ ಎರಡರಲ್ಲಿ ಬಿನ್ನಹವಿದೆ. ಕೊನೆಯ ಎರಡರಲ್ಲಿ ಭರವಸೆ ಮತ್ತು ಹಾಡು ಇವೆ.

ದೂರಿನಿಂದ ಸ್ತುತಿಗೆ ತಿರುವು

ಅನೇಕ ಪ್ರಲಾಪ ಕೀರ್ತನೆಗಳು ಕೊನೆಯಲ್ಲಿ ಹಠಾತ್ತಾಗಿ ಸ್ತುತಿಯ ಕಡೆಗೆ ತಿರುಗುತ್ತವೆ. ಈ ತಿರುವಿಗೆ ಕಾರಣವೇನೆಂಬುದು ದೀರ್ಘಕಾಲದ ಚರ್ಚೆಯ ವಿಷಯ. ದೇವಾಲಯದಲ್ಲಿ ದೂರು ಮುಗಿದ ಬಳಿಕ ಯಾಜಕನು ಅಭಯವಾಕ್ಯವನ್ನು ನುಡಿಯುತ್ತಿದ್ದನು, ಅದನ್ನು ಕೇಳಿದ ಭಕ್ತನು ಸ್ತುತಿಸುತ್ತಿದ್ದನು ಎಂದು ಯೋಆಖಿಂ ಬೆಗ್ರಿಖ್ 1934ರಲ್ಲಿ ಪ್ರತಿಪಾದಿಸಿದರು. ಆದರೆ ಕೀರ್ತನೆಗಳ ಪಾಠದಲ್ಲಿ ಅಂತಹ ವಾಕ್ಯವು ಸಾಮಾನ್ಯವಾಗಿ ಉಳಿದುಬಂದಿಲ್ಲ. ಮನಸ್ಸಿನಲ್ಲಿರುವುದನ್ನು ಪೂರ್ತಿಯಾಗಿ ಹೇಳಿಕೊಂಡ ನಂತರ ಭಕ್ತನ ಒಳಗೇ ಆಗುವ ಬದಲಾವಣೆ ಇದು ಎಂದು ಕೆಲವರು, ಬಿಡುಗಡೆಯ ನಂತರ ಸೇರಿಸಿದ ಭಾಗ ಎಂದು ಇನ್ನು ಕೆಲವರು ಅಭಿಪ್ರಾಯಪಡುತ್ತಾರೆ.

88ನೆಯ ಕೀರ್ತನೆಯಲ್ಲಿ ಈ ತಿರುವೇ ಇಲ್ಲ. ಅದರ ಮೂಲ ಹೀಬ್ರೂ ಪಾಠದ ಕೊನೆಯ ಪದದ ಅರ್ಥ ಕತ್ತಲೆ. ಹಗಲಿರುಳು ಪ್ರಾರ್ಥಿಸಿದರೂ ಉತ್ತರ ದೊರೆಯದ, ಸ್ನೇಹಿತರೂ ದೂರವಾದ ಮನುಷ್ಯನ ಮಾತುಗಳಲ್ಲಿಯೇ ಅದು ಮುಗಿಯುತ್ತದೆ. ಪ್ರಾರ್ಥನೆಯು ಸಮಾಧಾನದಲ್ಲಿ ಕೊನೆಗೊಳ್ಳಲೇಬೇಕೆಂಬ ನಿಯಮವಿಲ್ಲ ಎಂಬುದಕ್ಕೆ ಈ ಕೀರ್ತನೆಯನ್ನು ಆಧಾರವಾಗಿ ಉಲ್ಲೇಖಿಸಲಾಗುತ್ತದೆ.

ವಿಧಗಳು

- ವೈಯಕ್ತಿಕ ಪ್ರಲಾಪ: ಒಬ್ಬ ವ್ಯಕ್ತಿಯ ರೋಗ, ಅಪವಾದ ಅಥವಾ ಒಂಟಿತನವನ್ನು ಕುರಿತದ್ದು. ಉದಾಹರಣೆ: ಕೀರ್ತನೆ 6, 13, 22, 42–43, 69, 88.
- ಸಾಮೂಹಿಕ ಪ್ರಲಾಪ: ಸೋಲು, ನಾಶ, ಸೆರೆ ಮೊದಲಾದ ಜನಾಂಗದ ಸಂಕಟಗಳನ್ನು ಕುರಿತದ್ದು. ಉದಾಹರಣೆ: ಕೀರ್ತನೆ 44, 74, 79, 80.
- ಪಶ್ಚಾತ್ತಾಪದ ಕೀರ್ತನೆಗಳು: ಸಭೆಯ ಸಂಪ್ರದಾಯವು ಒಟ್ಟುಗೂಡಿಸಿದ ಏಳು ಕೀರ್ತನೆಗಳು: 6, 32, 38, 51, 102, 130 ಮತ್ತು 143. ಇವೆಲ್ಲವೂ ರಚನೆಯಲ್ಲಿ ಪ್ರಲಾಪಗಳಲ್ಲ.
- ಶಾಪೋಕ್ತಿಯ ಕೀರ್ತನೆಗಳು: ವೈರಿಗಳ ನಾಶವನ್ನು ಬೇಡುವಂಥವು. ಉದಾಹರಣೆ: ಕೀರ್ತನೆ 58, 83, 109 ಮತ್ತು 137ರ ಕೊನೆಯ ಭಾಗ.

ಎಲ್ಲ ಸಂಕಟವೂ ಪಾಪದ ಫಲವೆಂದು ಪ್ರಲಾಪ ಕೀರ್ತನೆಗಳು ಭಾವಿಸುವುದಿಲ್ಲ. 51ನೆಯ ಕೀರ್ತನೆಯು ಅಪರಾಧವನ್ನು ಒಪ್ಪಿಕೊಂಡರೆ, 44ನೆಯದು ಜನರು ಒಡಂಬಡಿಕೆಯನ್ನು ಮೀರದಿದ್ದರೂ ಕಷ್ಟಕ್ಕೊಳಗಾದರೆಂದು ದೇವರ ಮುಂದೆ ವಾದಿಸುತ್ತದೆ.

ಹಳೆಯ ಒಡಂಬಡಿಕೆಯ ಇತರ ಗ್ರಂಥಗಳಲ್ಲಿ

ಪ್ರಲಾಪಗಳು ಗ್ರಂಥದ ಹಿನ್ನೆಲೆ ಕ್ರಿ.ಪೂ. 587/586ರಲ್ಲಿ ಬಾಬಿಲೋನಿಯರು ಯೆರೂಸಲೇಮನ್ನು ನಾಶಪಡಿಸಿದ ಘಟನೆ. ಇದರ ಮೊದಲ ನಾಲ್ಕು ಅಧ್ಯಾಯಗಳು 22 ಹೀಬ್ರೂ ಅಕ್ಷರಗಳ ಅನುಕ್ರಮವನ್ನು ಅನುಸರಿಸುತ್ತವೆ. ಐದನೆಯದರಲ್ಲಿ 22 ವಚನಗಳಿದ್ದರೂ ಆ ಅನುಕ್ರಮವಿಲ್ಲ. ನಡುವಿನ ಮೂರನೆಯ ಅಧ್ಯಾಯದಲ್ಲಿ ದೇವರ ಕರುಣೆಯ ಮೇಲಿನ ನಿರೀಕ್ಷೆ ಕಾಣಿಸಿಕೊಂಡರೂ ಗ್ರಂಥವು ಅಲ್ಲಿಗೆ ನಿಲ್ಲುವುದಿಲ್ಲ. ಅದರ ಕೊನೆಯ ವಚನದಲ್ಲಿ ದೇವರು ತಮ್ಮನ್ನು ಸಂಪೂರ್ಣವಾಗಿ ತಳ್ಳಿಬಿಟ್ಟನೋ ಎಂಬ ಆತಂಕವಿದೆ.

ಯೋಬನ ಗ್ರಂಥದಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನು ತಾನು ಹುಟ್ಟಿದ ದಿನವನ್ನು ಶಪಿಸುತ್ತಾನೆ, ದೇವರೊಡನೆ ವಾದಕ್ಕಿಳಿಯುತ್ತಾನೆ. ಅವನ ಸ್ನೇಹಿತರು ದೇವರ ನ್ಯಾಯವನ್ನು ಸಮರ್ಥಿಸುತ್ತಾ ಯೋಬನಲ್ಲಿಯೇ ತಪ್ಪು ಹುಡುಕುತ್ತಾರೆ. ಗ್ರಂಥದ ಕೊನೆಯಲ್ಲಿ ದೇವರು ಯೋಬನ ಕಷ್ಟದ ಕಾರಣವನ್ನು ವಿವರಿಸುವುದಿಲ್ಲ. ಆದರೆ ತನ್ನ ವಿಷಯದಲ್ಲಿ ಸರಿಯಾಗಿ ಮಾತನಾಡಿದವನು ಯೋಬನೇ ಹೊರತು ಆ ಸ್ನೇಹಿತರಲ್ಲ ಎಂದು ತೀರ್ಪು ಕೊಡುತ್ತಾನೆ (ಯೋಬ 42:7). ಪ್ರಾಮಾಣಿಕ ಪ್ರಾರ್ಥನೆಯ ಕುರಿತ ಚರ್ಚೆಗಳಲ್ಲಿ ಈ ವಚನಕ್ಕೆ ಮಹತ್ವದ ಸ್ಥಾನವಿದೆ.

ಯೆರೆಮೀಯನ ಗ್ರಂಥದ 11ರಿಂದ 20ನೆಯ ಅಧ್ಯಾಯಗಳ ನಡುವೆ ಹರಡಿರುವ ಪ್ರವಾದಿಯ ಸ್ವಂತ ದೂರುಗಳನ್ನು ‘ಯೆರೆಮೀಯನ ಅರಿಕೆಗಳು’ ಎನ್ನಲಾಗುತ್ತದೆ. ಹಬಕ್ಕೂಕನು ಹಿಂಸೆಯನ್ನು ಕಂಡೂ ದೇವರು ಸುಮ್ಮನಿರುವುದೇಕೆಂದು ಪ್ರಶ್ನಿಸುತ್ತಾನೆ. ಮಕ್ಕಳಿಲ್ಲದ ಹನ್ನಳು ದೇವಾಲಯದಲ್ಲಿ ತುಟಿಯನ್ನಷ್ಟೇ ಅಲುಗಿಸುತ್ತಾ ಅತ್ತು ಪ್ರಾರ್ಥಿಸಿದಾಗ ಯಾಜಕನಾದ ಏಲಿಯು ಆಕೆ ಕುಡಿದಿದ್ದಾಳೆಂದು ಭಾವಿಸುತ್ತಾನೆ. ತಾನು ಮನೋವ್ಯಥೆಯನ್ನು ದೇವರ ಮುಂದೆ ತೋಡಿಕೊಳ್ಳುತ್ತಿರುವುದಾಗಿ ಆಕೆ ತಿಳಿಸಿದ ಮೇಲೆ ಆಶೀರ್ವದಿಸುತ್ತಾನೆ (1 ಸಮುವೇಲ 1).

ಹೊಸ ಒಡಂಬಡಿಕೆಯಲ್ಲಿ

ಗೆತ್ಸೇಮನೆ ತೋಟದಲ್ಲಿ ಯೇಸು ತನಗೆ ಪ್ರಾಣ ಹೋಗುವಷ್ಟು ದುಃಖವಾಗಿದೆಯೆಂದು ಶಿಷ್ಯರಿಗೆ ತಿಳಿಸಿ, ಸಂಕಟದ ಪಾತ್ರೆಯು ತನ್ನಿಂದ ತೊಲಗಲಿ ಎಂದು ಬೇಡಿದನು. ಅದರೊಂದಿಗೆ ತಂದೆಯ ಚಿತ್ತವೇ ನಡೆಯಲಿ ಎಂದೂ ಪ್ರಾರ್ಥಿಸಿದನು (ಮಾರ್ಕ 14). ಬೇಡಿಕೆ ಮತ್ತು ಶರಣಾಗತಿ ಎರಡೂ ಒಂದೇ ಪ್ರಾರ್ಥನೆಯಲ್ಲಿರುವುದನ್ನು ವ್ಯಾಖ್ಯಾನಕಾರರು ಎತ್ತಿ ತೋರಿಸುತ್ತಾರೆ. ಮತ್ತಾಯ ಮತ್ತು ಮಾರ್ಕ ಸುವಾರ್ತೆಗಳ ಪ್ರಕಾರ ಶಿಲುಬೆಯ ಮೇಲೆ ಯೇಸು 22ನೆಯ ಕೀರ್ತನೆಯ ಆರಂಭದ ಮಾತುಗಳನ್ನು ಕೂಗಿದನು. ಲೂಕನ ಪ್ರಕಾರ ಆತನ ಕೊನೆಯ ಪ್ರಾರ್ಥನೆಯು 31ನೆಯ ಕೀರ್ತನೆಯಿಂದ ಬಂದದ್ದು. ಆತನು ಗಟ್ಟಿಯಾಗಿ ಕೂಗಿ ಕಣ್ಣೀರಿನಿಂದ ಪ್ರಾರ್ಥಿಸಿದ್ದನ್ನು ಇಬ್ರಿಯರಿಗೆ ಬರೆದ ಪತ್ರಿಕೆಯೂ ನೆನೆಯುತ್ತದೆ (5:7).

ಅಪೊಸ್ತಲ ಪೌಲನು ತನ್ನ ಶರೀರದಲ್ಲಿ ನಾಟಿದ ಮುಳ್ಳನ್ನು ತೆಗೆಯುವಂತೆ ಮೂರು ಸಲ ಬೇಡಿದ್ದನ್ನೂ ಅದು ತೆಗೆಯಲ್ಪಡದಿದ್ದುದನ್ನೂ ದಾಖಲಿಸಿದ್ದಾನೆ (2 ಕೊರಿಂಥ 12). ಏನೆಂದು ಪ್ರಾರ್ಥಿಸಬೇಕೆಂದು ತಿಳಿಯದವರಿಗಾಗಿ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ಬೇಡುತ್ತಾನೆಂದು ಅವನು ಬೋಧಿಸಿದನು (ರೋಮ 8:26). ಪ್ರಕಟನೆ ಗ್ರಂಥದಲ್ಲಿ ಹತರಾದ ರಕ್ತಸಾಕ್ಷಿಗಳೂ ನ್ಯಾಯಕ್ಕಾಗಿ ಇನ್ನೆಷ್ಟು ಕಾಲ ಕಾಯಬೇಕೆಂದು ಕೇಳುತ್ತಾರೆ (6:10).

ಸಭೆಯ ಇತಿಹಾಸದಲ್ಲಿ

ನಾಲ್ಕನೆಯ ಶತಮಾನದ ಅಲೆಕ್ಸಾಂಡ್ರಿಯದ ಅಥನಾಸಿಯುಸನು ಮಾರ್ಸೆಲಿನುಸನಿಗೆ ಬರೆದ ಪತ್ರದಲ್ಲಿ, ಕೀರ್ತನೆಗಳು ಓದುಗನ ಅಂತರಂಗಕ್ಕೆ ಕನ್ನಡಿಯಂತಿವೆ ಎಂಬ ವಿಚಾರವನ್ನು ವಿವರಿಸಿದನು. ಅಗಸ್ಟಿನನು ಕೀರ್ತನೆಗಳ ದೂರನ್ನು ಕ್ರಿಸ್ತನೂ ಆತನ ದೇಹವಾದ ಸಭೆಯೂ ಒಟ್ಟಾಗಿ ನುಡಿಯುವ ಧ್ವನಿಯೆಂದು ವ್ಯಾಖ್ಯಾನಿಸಿದನು. ದುಃಖವನ್ನು ತೋರಿಸುವ ವಿಷಯದಲ್ಲಿ ಆದಿಸಭೆಗೆ ಹಿಂಜರಿಕೆಯೂ ಇತ್ತು. ಕ್ರಿ.ಶ. 387ರಲ್ಲಿ ತಾಯಿ ಮೋನಿಕಾ ತೀರಿಕೊಂಡಾಗ ಅಗಸ್ಟಿನನು ಮೊದಲು ಕಣ್ಣೀರನ್ನು ತಡೆದುಕೊಂಡನು; ಆಮೇಲೆ ದೇವರ ಮುಂದೆ ಅತ್ತನು. ಈ ತೊಳಲಾಟವನ್ನು ಅವನು ತನ್ನ ‘ಕನ್ಫೆಷನ್ಸ್’ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಬರೆದಿದ್ದಾನೆ.

ಸುಧಾರಣಾ ಕಾಲದಲ್ಲಿ ಮಾರ್ಟಿನ್ ಲೂಥರನು 130ನೆಯ ಕೀರ್ತನೆಯನ್ನು ಆಧರಿಸಿ ಜರ್ಮನ್ ಸಭಾಗೀತೆಯನ್ನು ರಚಿಸಿದನು. ಜಾನ್ ಕ್ಯಾಲ್ವಿನನು ಕೀರ್ತನೆಗಳ ಮೇಲಿನ ವ್ಯಾಖ್ಯಾನದ ಮುನ್ನುಡಿಯಲ್ಲಿ, ದುಃಖ, ಭಯ, ಸಂದೇಹಗಳೂ ಸೇರಿದಂತೆ ಮನುಷ್ಯನ ಎಲ್ಲ ಭಾವಗಳನ್ನು ಈ ಗ್ರಂಥವು ತೆರೆದು ತೋರಿಸುತ್ತದೆ ಎಂಬ ನಿಲುವನ್ನು ಮಂಡಿಸಿದನು. 1662ರ ಆಂಗ್ಲಿಕನ್ ಸಾಮಾನ್ಯ ಪ್ರಾರ್ಥನಾ ಪುಸ್ತಕವು 88ನೆಯ ಕೀರ್ತನೆಯನ್ನು ಶುಭ ಶುಕ್ರವಾರದ ಸಂಜೆಗೆ ನಿಗದಿಪಡಿಸಿದೆ. ಇಂದಿನ ಕಥೋಲಿಕ ಪ್ರಾರ್ಥನಾ ವಿಧಿಯಲ್ಲಿ ಅದನ್ನು ಪ್ರತಿ ಶುಕ್ರವಾರ ರಾತ್ರಿ ಮಲಗುವ ಮುನ್ನ ಪಠಿಸಲಾಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಈ ವಿಷಯದ ಮೇಲೆ ವೈಯಕ್ತಿಕ ದುಃಖದಿಂದ ಹುಟ್ಟಿದ ಕೃತಿಗಳೂ ಬಂದವು. ಸಿ. ಎಸ್. ಲೂಯಿಸ್ ಪತ್ನಿಯ ಮರಣದ ನಂತರ ಬರೆದ ‘ಎ ಗ್ರೀಫ್ ಅಬ್ಸರ್ವ್ಡ್’ 1961ರಲ್ಲಿ ಗುಪ್ತನಾಮದಲ್ಲಿ ಪ್ರಕಟವಾಯಿತು. ತತ್ತ್ವಶಾಸ್ತ್ರಜ್ಞ ನಿಕೋಲಸ್ ವೋಲ್ಟರ್‌ಸ್ಟಾರ್ಫ್ ಪರ್ವತಾರೋಹಣದಲ್ಲಿ ಮಡಿದ ಮಗನನ್ನು ನೆನೆದು ಬರೆದ ‘ಲಮೆಂಟ್ ಫಾರ್ ಎ ಸನ್’ 1987ರಲ್ಲಿ ಹೊರಬಂತು.

ಆಧುನಿಕ ಚರ್ಚೆಗಳು

ಪ್ರಲಾಪದ ಕಣ್ಮರೆ

ಅಮೆರಿಕದ ಬೈಬಲ್ ವಿದ್ವಾಂಸ ವಾಲ್ಟರ್ ಬ್ರೂಗ್ಗಮನ್ ಕೀರ್ತನೆಗಳನ್ನು ನೆಲೆಗೊಂಡ ಬದುಕಿನವು, ನೆಲೆತಪ್ಪಿದ ಬದುಕಿನವು, ಮತ್ತೆ ಹೊಸ ನೆಲೆ ಕಂಡುಕೊಂಡ ಬದುಕಿನವು ಎಂದು ವಿಂಗಡಿಸಿದರು. 1986ರ ಲೇಖನವೊಂದರಲ್ಲಿ ಅವರು, ಆರಾಧನೆಯಿಂದ ಪ್ರಲಾಪವು ಮರೆಯಾದುದರಿಂದ ಎರಡು ನಷ್ಟಗಳಾಗಿವೆ ಎಂದು ವಾದಿಸಿದರು. ಭಕ್ತನು ದೇವರೊಡನೆ ನಿಜವಾದ ಸಂವಾದವಿಲ್ಲದೆ ಹೊಗಳಿಕೆಯನ್ನಷ್ಟೇ ಒಪ್ಪಿಸುವವನಾಗುತ್ತಾನೆ. ಲೋಕದ ಅನ್ಯಾಯವನ್ನು ಪ್ರಶ್ನಿಸುವ ಭಾಷೆಯೂ ಕಳೆದುಹೋಗುತ್ತದೆ. ಪ್ರಲಾಪವನ್ನು ಮಾತ್ರ ಎತ್ತಿಹಿಡಿದರೆ ಸ್ತುತಿ ಮತ್ತು ಕೃತಜ್ಞತೆಗಳು ಹಿಂದೆ ಸರಿಯುತ್ತವೆ ಎಂಬ ಎಚ್ಚರಿಕೆಯ ಮಾತೂ ಈ ಚರ್ಚೆಯಲ್ಲಿದೆ.

ಶಾಪೋಕ್ತಿಗಳ ಬಳಕೆ

ವೈರಿಗಳನ್ನು ಪ್ರೀತಿಸಬೇಕೆಂಬ ಯೇಸುವಿನ ಬೋಧನೆಗೂ ಶಾಪೋಕ್ತಿಯ ಕೀರ್ತನೆಗಳಿಗೂ ಇರುವ ಕರ್ಷಣವು ಹಳೆಯ ಸಮಸ್ಯೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪರಿಷ್ಕರಿಸಲಾದ ಕಥೋಲಿಕ ಪ್ರಾರ್ಥನಾ ವಿಧಿಯಿಂದ 58, 83 ಮತ್ತು 109ನೆಯ ಕೀರ್ತನೆಗಳನ್ನು ಪೂರ್ತಿಯಾಗಿ ಕೈಬಿಡಲಾಯಿತು. ಇದನ್ನು ಒಪ್ಪದವರು, ಹಿಂಸೆಗೊಳಗಾದವರ ಸಿಟ್ಟನ್ನು ಅಡಗಿಸುವುದಕ್ಕಿಂತ ಪ್ರತೀಕಾರದ ಹಕ್ಕನ್ನು ದೇವರ ಕೈಗೆ ಒಪ್ಪಿಸುವ ಈ ಪ್ರಾರ್ಥನೆಗಳೇ ಹಿಂಸೆಯನ್ನು ತಡೆಯುತ್ತವೆ ಎಂದು ವಾದಿಸುತ್ತಾರೆ.

ದುಃಖಿತರ ಪಾಲನೆ

ಸಭಾಪಾಲನೆಯ ಕ್ಷೇತ್ರದಲ್ಲಿ ಪ್ರಲಾಪ ಕೀರ್ತನೆಗಳನ್ನು ರೋಗಿಗಳ ಭೇಟಿ, ಶವಸಂಸ್ಕಾರ ಮತ್ತು ವಿಪತ್ತಿನ ನಂತರದ ಆರಾಧನೆಗಳಲ್ಲಿ ಬಳಸಲಾಗುತ್ತದೆ. ಕಷ್ಟದಲ್ಲಿರುವವರಿಗೆ ವಿಶ್ವಾಸ ಸಾಲದೆಂದು ಹೇಳುವುದು, ಕೂಡಲೇ ಸ್ತೋತ್ರ ಹೇಳುವಂತೆ ಒತ್ತಾಯಿಸುವುದು ಯೋಬನ ಸ್ನೇಹಿತರ ತಪ್ಪನ್ನೇ ಮರಳಿ ಮಾಡಿದಂತೆ ಎಂಬ ವಿಮರ್ಶೆ ಇದೆ. ಆ ಸ್ನೇಹಿತರು ಮೊದಲು ಏಳು ದಿನ ಮಾತಿಲ್ಲದೆ ಅವನೊಡನೆ ನೆಲದ ಮೇಲೆ ಕುಳಿತದ್ದನ್ನು ಸಾಂತ್ವನದ ಮಾದರಿಯಾಗಿ ಉಲ್ಲೇಖಿಸುವುದುಂಟು (ಯೋಬ 2:13).

ಕನ್ನಡದಲ್ಲಿ

ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಶ್ರಮದಿಂದ 1831ರಲ್ಲಿ ಪೂರ್ಣ ಬೈಬಲ್ ಕನ್ನಡಕ್ಕೆ ಬಂದಾಗ, ಕೀರ್ತನೆಗಳು ಮತ್ತು ಪ್ರಲಾಪಗಳು ಗ್ರಂಥಗಳೂ ಕನ್ನಡ ಓದುಗರಿಗೆ ದೊರೆತವು. ಶುಭ ಶುಕ್ರವಾರದಂದು ಕರ್ನಾಟಕದ ಅನೇಕ ಪ್ರೊಟೆಸ್ಟಂಟ್ ಸಭೆಗಳಲ್ಲಿ ಯೇಸುವಿನ ಶಿಲುಬೆಯ ಏಳು ಮಾತುಗಳನ್ನು ಧ್ಯಾನಿಸುವ ಮೂರು ಗಂಟೆಗಳ ಆರಾಧನೆ ನಡೆಯುತ್ತದೆ. ಆ ಏಳರಲ್ಲಿ ನಾಲ್ಕನೆಯ ಮತ್ತು ಏಳನೆಯ ಮಾತುಗಳು ಪ್ರಲಾಪ ಕೀರ್ತನೆಗಳಿಂದ ಬಂದವು.

ಇವನ್ನೂ ನೋಡಿ

- ಕೀರ್ತನೆಗಳು (ಬೈಬಲ್)
- ಪ್ರಲಾಪಗಳು (ಗ್ರಂಥ)
- ಯೋಬನ ಗ್ರಂಥ
- ಗೆತ್ಸೇಮನೆ
- ಶುಭ ಶುಕ್ರವಾರ